ಹಳೇ ಚಿಪ್‌ಗಳ ಜಾತಕ

ಬಸವನಗುಡಿಯ ನಿವೃತ್ತ ಪಾಲಿಟೆಕ್ನಿಕ್ ಮೇಷ್ಟ್ರೊಬ್ಬರು ಶನಿವಾರ ಮಧ್ಯಾಹ್ನ ಟೌನ್‌ಹಾಲ್ ಬಳಿ ಬಸ್ಸಿಳಿದು ಸಾದರ ಪತ್ರಪ್ಪ ರಸ್ತೆಗೆ, ಅಂದರೆ ಎಲ್ಲರ ಬಾಯಲ್ಲಿ ಎಸ್.ಪಿ. ರೋಡಿಗೆ, ಬಂದರು ಎಂದಿಟ್ಟುಕೊಳ್ಳಿ. ಮನೆಯ ಅಟ್ಟದಲ್ಲಿ ಅವರದೊಂದು 8085 ಕಿಟ್ ಇದೆ. ಮೈಕ್ರೋಪ್ರೊಸೆಸರ್ ಎಂದರೇನೆಂದು ಹುಡುಗರಿಗೆ ಅವರು ಪಾಠ ಹೇಳಿದ್ದು ಅದರ ಮೇಲೆಯೇ. ಈಗ ಮೊಮ್ಮಗಳಿಗೆ ತೋರಿಸೋಣವೆಂದು ಇಳಿಸಿದರೆ ಅದು ಉಸಿರೆತ್ತುತ್ತಿಲ್ಲ. ಪ್ರೋಗ್ರಾಂ ಇಟ್ಟುಕೊಂಡಿದ್ದ ಚಿಪ್ ಕೆಟ್ಟಿದೆ. ಅದರ ಪ್ರತಿ ಹಳೆಯ ಸಹೋದ್ಯೋಗಿಯ ಬಳಿ ಇದೆ, ತುಂಬಿಸಿಕೊಳ್ಳಲು ಒಂದು ಖಾಲಿ ಚಿಪ್ ಮಾತ್ರ ಬೇಕು.

‘2716 ಇದೆಯೇನಪ್ಪ?’

‘ಇದೆ ಸಾರ್. ಯಾವ ಕಂಪನಿದು ಕೊಡ್ಲಿ?’

‘ಯಾವುದಾದರೇನು, ನಂಬರ್ ಒಂದೇ ತಾನೇ?’

ಅಂಗಡಿಯವನು ಡಬ್ಬಿ ಕೊಡವಿ ಎರಡನ್ನು ಗಾಜಿನ ಮೇಲಿಡುತ್ತಾನೆ. ಎರಡಕ್ಕೂ 24 ಕಾಲು, ಎರಡರ ಬೆನ್ನ ಮೇಲೂ ಪುಟ್ಟ ಗಾಜಿನ ಕಿಟಕಿ, ಎರಡರಲ್ಲೂ 2716. ಒಂದರ ಮೇಲೆ ಇಂಟೆಲ್ ಹೆಸರಿದೆ. ಇನ್ನೊಂದರ ಮೇಲೆ ಹೆಸರಿಲ್ಲ, ಯಾವುದೋ ಪ್ರದೇಶದ ನಕ್ಷೆಯಂಥ ಒಂದು ಚಿತ್ರ ಮಾತ್ರ. ‘ನಂಬರ್ ಒಂದೇ ಸಾರ್, ಆದ್ರೆ ಐಸಿ ಬೇರೆ’ ಎನ್ನುತ್ತಾನೆ ಅಂಗಡಿಯವನು.

ಅವನು ಹೇಳಿದ್ದು ನೂರಕ್ಕೆ ನೂರು ಸತ್ಯ. ಆ ಉಗುರಿನಷ್ಟು ಚಿತ್ರವನ್ನು ಓದಲು ಬಾರದವರು ತಮ್ಮ ಯಂತ್ರವನ್ನೇ ಕಳೆದುಕೊಳ್ಳಬಹುದು.

ಪಾತ್ರೆಯ ಮೇಲಿನ ಹೆಸರಿನಂತೆ

ನಮ್ಮ ಮನೆಗಳ ಹಿತ್ತಾಳೆ, ಸ್ಟೀಲಿನ ಪಾತ್ರೆಗಳನ್ನು ತಿರುಗಿಸಿ ನೋಡಿ. ಕೊಟ್ಟವರ ಹೆಸರು, ಯಾವ ಮದುವೆ, ಯಾವ ದಿನಾಂಕ ಎಲ್ಲವನ್ನೂ ಚುಕ್ಕೆ ಚುಕ್ಕೆಯಾಗಿ ಕೊರೆಸಿರುತ್ತಾರೆ. ಅಜ್ಜಿ ಇಲ್ಲದಿದ್ದರೂ ಅಜ್ಜಿಯ ತವರಿನ ಹೆಸರು ತಂಬಿಗೆಯ ಮೇಲೆ ಉಳಿದಿರುತ್ತದೆ. ಹಳೆಯ ಮೆಮೊರಿ ಚಿಪ್‌ಗಳೂ ಹೀಗೆಯೇ. ಅಂಗಡಿಯವರ ಬಾಯಲ್ಲಿ ‘ಐಸಿ’ ಆಗಿರುವ ಈ ಕರಿ ತುಂಡಿನ ಬೆನ್ನ ಮೇಲೆ ಸಾಮಾನ್ಯವಾಗಿ ನಾಲ್ಕು ಸಂಗತಿಗಳಿರುತ್ತವೆ: ಮಾಡಿದವರ ಲಾಂಛನ, ಚಿಪ್‌ನ ನಂಬರು, ದೇಶದ ಹೆಸರು ಮತ್ತು ತಯಾರಾದ ವಾರ.

ಒಂದು ಉದಾಹರಣೆ. ಮೇಲೆ ಹಿಟಾಚಿಯ ಗುರುತು, ಪಕ್ಕದಲ್ಲಿ ಜಪಾನ್ ಎಂಬ ಹೆಸರು, ಕೆಳಗೆ ‘ಎಚ್‌ಎಂ 4864-3’, ಒಂದು ಮೂಲೆಯಲ್ಲಿ 8423. ‘ಎಚ್‌ಎಂ’ ಎಂದರೆ ಹಿಟಾಚಿಯ ಮೆಮೊರಿ. ಕೊನೆಯ 64 ಎಂದರೆ 64ಕೆ, ಅಂದರೆ 65,536 ಬಿಟ್‌ಗಳು. ಅಡ್ಡಗೆರೆಯ ನಂತರದ 3 ಅದರ ವೇಗದ ದರ್ಜೆ. 8423 ಎಂದರೆ 1984ನೇ ಇಸವಿಯ 23ನೇ ವಾರ. ಇಷ್ಟು ತಿಳಿದರೆ ಜಾತಕ ಕೈಯಲ್ಲಿದ್ದಂತೆ.

ಇಂಥ ಚಿಪ್‌ನಲ್ಲಿ ಒಂದು ಸಲಕ್ಕೆ ಓದಲು ಸಿಗುವುದು ಒಂದೇ ಬಿಟ್. ಒಂದು ಬೈಟ್‌ಗೆ ಎಂಟು ಬಿಟ್ ಬೇಕಾದ್ದರಿಂದ ಹಳೆಯ ಬೋರ್ಡುಗಳಲ್ಲಿ ಇವು ಎಂಟೆಂಟರ ಸಾಲಿನಲ್ಲಿ ಕೂತಿರುತ್ತವೆ. 1981ರ ಐಬಿಎಂ ಪಿ.ಸಿ.ಯಲ್ಲಿ ಒಂಬತ್ತು. ಒಂಬತ್ತನೆಯದು ಉಳಿದ ಎಂಟರ ಲೆಕ್ಕ ಸರಿಯಿದೆಯೇ ಎಂದು ನೋಡುವ ಕಾವಲುಗಾರ.

ಇನಿಷಿಯಲ್ ನೋಡಿ ಮನೆ ಹೇಳಿ

ನಮ್ಮಲ್ಲಿ ಹೆಸರಿನ ಮುಂದಿನ ಇನಿಷಿಯಲ್ ನೋಡಿ ಊರು, ತಂದೆಯ ಹೆಸರು ಊಹಿಸುವವರಿದ್ದಾರೆ. ಚಿಪ್‌ಗಳಿಗೂ ಇನಿಷಿಯಲ್ ಉಂಟು. ಲಾಂಛನ ಅಳಿಸಿದ್ದರೂ ನಂಬರಿನ ಮುಂದಿನ ಅಕ್ಷರಗಳು ಎಷ್ಟೋ ಸಲ ಮನೆತನವನ್ನು ಹೇಳಿಬಿಡುತ್ತವೆ. ಆದರೆ ಕಣ್ಣಿಗೆ ಮೊದಲು ಬೀಳುವುದು ಲಾಂಛನವೇ.

ಒಂದು ನಕ್ಷೆ, ಅದರೊಳಗೆ ಟಿ ಮತ್ತು ಐ ಅಕ್ಷರಗಳು. ಅದು ಅಮೆರಿಕದ ಟೆಕ್ಸಾಸ್ ರಾಜ್ಯದ ನಕ್ಷೆ, ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಅದರ ಮೆಮೊರಿಗಳ ಇನಿಷಿಯಲ್ ‘ಟಿಎಂಎಸ್’. ವೃತ್ತದೊಳಗೆ ಎರಡು ಶಿಖರಗಳಂತೆ ನಿಂತ ಎಂ ಅಕ್ಷರ ಕಂಡರೆ ಮೊಟೊರೋಲಾ. ಇನಿಷಿಯಲ್ ‘ಎಂಸಿಎಂ’. ಇಂಟೆಲ್‌ನ ಗುರುತು ಅದರ ಹೆಸರೇ, ಆದರೆ ಅದರಲ್ಲೊಂದು ತಮಾಷೆಯಿದೆ. ಇಂಗ್ಲಿಷಿನ ಐದು ಸಣ್ಣಕ್ಷರಗಳಲ್ಲಿ ಇ ಮಾತ್ರ ಸಾಲಿನಿಂದ ಕೆಳಗೆ ಜಾರಿರುತ್ತದೆ. ಈ ಜಾರಿದ ಇ 2005ರ ಕೊನೆಯವರೆಗೂ ಆ ಕಂಪನಿಯ ಗುರುತಾಗಿತ್ತು. ಇಂಟೆಲ್ ನಂಬರಿನ ಮುಂದೆ ಬರುವ ಪಿ, ಡಿ, ಸಿ ಅಕ್ಷರಗಳು ಮಾತ್ರ ಮನೆತನ ಹೇಳುವುದಿಲ್ಲ, ತೊಟ್ಟ ಅಂಗಿ ಹೇಳುತ್ತವೆ. ಪಿ ಎಂದರೆ ಪ್ಲಾಸ್ಟಿಕ್, ಉಳಿದೆರಡು ಪಿಂಗಾಣಿಯ ಬೇರೆ ಬೇರೆ ಬಗೆ.

ಜಪಾನಿನ ಕಡೆ ಬಂದರೆ ಮೂರು ವಜ್ರಾಕೃತಿಗಳು ಒಂದು ಬಿಂದುವಿನಲ್ಲಿ ಕೂಡಿದ ಚಿತ್ರ ಮಿತ್ಸುಬಿಷಿಯದು. ಅದರ ನಂಬರು ‘ಎಂ5ಕೆ’ ಎಂದೋ ‘ಎಂ5ಎಲ್’ ಎಂದೋ ಶುರುವಾಗುತ್ತದೆ. ವೃತ್ತದ ಸುತ್ತ ನಾಲ್ಕು ಮುಳ್ಳು ಚಾಚಿದಂಥ ಗುರುತು ಹಿಟಾಚಿಯದು. ಆ ಹೆಸರನ್ನು ಬರೆಯುವ ಎರಡು ಲಿಪಿಚಿಹ್ನೆಗಳು ಅದರೊಳಗೆ ಬೆಸೆದುಕೊಂಡಿವೆ. ಎನ್ಇಸಿ, ತೋಷಿಬಾ, ಓಕಿ ಕಂಪನಿಗಳು ಸುತ್ತಿ ಬಳಸದೆ ಹೆಸರನ್ನೇ ಬರೆದವು. ಕೊರಿಯಾದ ಸ್ಯಾಮ್‌ಸಂಗ್ ಹೆಸರಿನ ಅರ್ಥವೇ ಮೂರು ನಕ್ಷತ್ರ. 1993ರಲ್ಲಿ ನೀಲಿ ಅಂಡಾಕೃತಿ ಬರುವವರೆಗೆ ಅದರ ಲಾಂಛನದಲ್ಲೂ ನಕ್ಷತ್ರಗಳಿದ್ದವು. ಆದರೆ ಅದರ ಎಷ್ಟೋ ಚಿಪ್‌ಗಳ ಮೇಲೆ ಕಾಣುವುದು ‘ಎಸ್ಇಸಿ’ ಎಂಬ ಮೂರಕ್ಷರ. ಅದು ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್ ಕಂಪನಿಯ ಹ್ರಸ್ವರೂಪವೆಂದು ಗೊತ್ತಿಲ್ಲದವರು ಬೇರೆ ಯಾವುದೋ ಕಂಪನಿ ಎಂದುಕೊಳ್ಳುತ್ತಾರೆ.

ಮೋಸ ಹೋಗುವುದು ಎಫ್ ಅಕ್ಷರದಲ್ಲಿ. ಅಮೆರಿಕದ ಫೇರ್‌ಚೈಲ್ಡ್‌ನದೂ ಎಫ್, ಜಪಾನಿನ ಫುಜಿತ್ಸುವಿನದೂ ಎಫ್. ಮಾಸಿದ ಚಿಪ್ ಮೇಲೆ ಎರಡನ್ನೂ ಬೇರೆ ಮಾಡುವುದು ಕಷ್ಟ. ಆಗ ಇನಿಷಿಯಲ್ಲೇ ಗತಿ: ‘ಎಂಬಿ’ ಇದ್ದರೆ ಅದು ಫುಜಿತ್ಸು. ಇದಕ್ಕಿಂತ ದೊಡ್ಡ ಬಲೆ ಸೋವಿಯತ್ ಚಿಪ್‌ಗಳದು. ಅವುಗಳ ‘565’ ಸರಣಿಯ ನಂಬರಿನ ನಡುವೆ ಇಂಗ್ಲಿಷಿನ ಪಿ ಮತ್ತು ವೈ ಇದ್ದಂತೆ ಕಾಣುತ್ತದೆ. ಅದು ರಷ್ಯನ್ ಲಿಪಿ, ಓದಬೇಕಾದ್ದು ‘ರು’ ಎಂದು!

ದೇಶದ ಹೆಸರೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಮಲೇಷ್ಯಾ ಎಂದಿದ್ದ ಮಾತ್ರಕ್ಕೆ ಅದು ಮಲೇಷ್ಯಾದ ಕಂಪನಿಯದಲ್ಲ. ಇಂಟೆಲ್ 1972ರಲ್ಲೇ ಅಲ್ಲಿನ ಪೆನಾಂಗ್‌ನಲ್ಲಿ ಜೋಡಣೆಯ ಕಾರ್ಖಾನೆ ತೆರೆದಿತ್ತು. ಟೆಕ್ಸಾಸ್‌ನವರ ಎಷ್ಟೋ ಚಿಪ್‌ಗಳ ಮೇಲೆ ಎಲ್ ಸಾಲ್ವಡಾರ್ ಎಂದಿರುತ್ತದೆ. ಸಿಲಿಕಾನ್ ಹುಟ್ಟಿದ್ದು ಒಂದು ದೇಶದಲ್ಲಿ, ಅದಕ್ಕೆ ಕಾಲು ಜೋಡಿಸಿ ಅಂಗಿ ತೊಡಿಸಿದ್ದು ಇನ್ನೊಂದು ದೇಶದಲ್ಲಿ.

ಒಂದೇ 64ಕೆ, ಹತ್ತು ಇನಿಷಿಯಲ್

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್: ಟಿಎಂಎಸ್ 4164
ಮೊಟೊರೋಲಾ: ಎಂಸಿಎಂ 6665
ಮಾಸ್ಟೆಕ್: ಎಂಕೆ 4564
ಮೈಕ್ರಾನ್: ಎಂಟಿ 4264
ಹಿಟಾಚಿ: ಎಚ್‌ಎಂ 4864
ಫುಜಿತ್ಸು: ಎಂಬಿ 8264
ಎನ್ಇಸಿ: ಮ್ಯೂ ಪಿಡಿ 4164 (ಚಿಪ್ ಮೇಲೆ ಬರೀ ಡಿ 4164)
ಮಿತ್ಸುಬಿಷಿ: ಎಂ5ಕೆ 4164
ಓಕಿ: ಎಂಎಸ್ಎಂ 3764 (ಚಿಪ್ ಮೇಲೆ ಎಂ 3764)
ಸ್ಯಾಮ್‌ಸಂಗ್: ಕೆಎಂ 4164

ಎಂಟನೇ ಕ್ರಾಸ್ ಯಾವ ಬಡಾವಣೆಯದು?

ಆಟೋ ಹತ್ತಿ ‘ಎಂಟನೇ ಕ್ರಾಸ್’ ಎಂದಷ್ಟೇ ಹೇಳಿ ನೋಡಿ. ಮಲ್ಲೇಶ್ವರದಲ್ಲೂ ಎಂಟನೇ ಕ್ರಾಸ್ ಇದೆ, ವಿಲ್ಸನ್ ಗಾರ್ಡನ್‌ನಲ್ಲೂ ಇದೆ, ಇನ್ನೂ ಹತ್ತಾರು ಬಡಾವಣೆಗಳಲ್ಲಿದೆ. ಬಡಾವಣೆಯ ಹೆಸರಿಲ್ಲದ ಕ್ರಾಸ್ ಅರ್ಧ ವಿಳಾಸ. ಕಂಪನಿಯ ಹೆಸರಿಲ್ಲದ ಚಿಪ್ ನಂಬರೂ ಅಷ್ಟೇ.

ಮೇಷ್ಟ್ರಿಗೆ ಬೇಕಾದ 2716ನ್ನೇ ತೆಗೆದುಕೊಳ್ಳಿ. ಇದು ಇಪ್ರಾಂ ಜಾತಿಯ ಚಿಪ್. ಕರೆಂಟ್ ಹೋದರೂ ಇದರ ನೆನಪು ಅಳಿಯುವುದಿಲ್ಲ. ಬೇಕೆಂದಾಗ ಕಿಟಕಿಯ ಮೂಲಕ ಅತಿನೇರಳೆ ಬೆಳಕು ಹಾಯಿಸಿದರೆ ಹಲಗೆ ಒರೆಸಿದಂತೆ ಎಲ್ಲ ಅಳಿದು ಮತ್ತೆ ಬರೆಯಲು ಸಿದ್ಧವಾಗುತ್ತದೆ. ಇದನ್ನು ಕಂಡುಹಿಡಿದವರು ಇಂಟೆಲ್‌ನ ಡೋವ್ ಫ್ರೋಮನ್. 1971ರಲ್ಲಿ ಮೊದಲ ಇಪ್ರಾಂ ಹೊರಬಂತು. ಮುಂದೆ ಬಂದ ಇಂಟೆಲ್‌ನ 2716ಕ್ಕೆ ಓದಿನ ಹೊತ್ತಿನಲ್ಲಿ ಐದು ವೋಲ್ಟ್ ಸಾಕು.

ಟೆಕ್ಸಾಸ್‌ನವರೂ ಟಿಎಂಎಸ್ 2716 ಎಂದು ಒಂದನ್ನು ಮಾಡಿದರು. ಹಿಡಿಸುವ ಮಾಹಿತಿ ಅಷ್ಟೇ, ಕಾಲುಗಳೂ ಅಷ್ಟೇ. ಆದರೆ ಅದಕ್ಕೆ ಮೂರು ಬಗೆಯ ವಿದ್ಯುತ್ ಬೇಕು: ಧನ 12, ಧನ 5, ಋಣ 5 ವೋಲ್ಟ್. ಯಾವ ಕಾಲಿಗೆ ಏನು ಎಂಬುದೂ ಬೇರೆ. ಐದು ವೋಲ್ಟಿನ ಕಿಟ್‌ನಲ್ಲಿ ಅದನ್ನು ಕೂರಿಸಿದರೆ ಕೆಲಸ ಮಾಡುವುದಿಲ್ಲ, ಕೆಡುವ ಸಂಭವವೂ ಇದೆ. ಹಾಗಾದರೆ ಇಂಟೆಲ್ 2716ಕ್ಕೆ ಸಮನಾದ ಟೆಕ್ಸಾಸ್ ಚಿಪ್ ಯಾವುದು? ಅದರ ನಂಬರು 2516! ನಂಬರು ಒಂದೇ ಆದದ್ದು ಬೇರೆ ಚಿಪ್, ನಂಬರು ಬೇರೆಯಾದದ್ದು ಅದೇ ಚಿಪ್. ಇದನ್ನು ಬಿಡಿಸುವ ಕೀಲಿ ಆ ಟೆಕ್ಸಾಸ್ ನಕ್ಷೆ.

ಒಂದು ಅಂಕಿಯ ಬೆಲೆ

ಕಂಪ್ಯೂಟರಿನ ಕೆಲಸದ ನೆನಪನ್ನು ಹೊತ್ತ ಡಿರ್ಯಾಂ ಚಿಪ್‌ಗಳ ಕಥೆಯೂ ಇಂಥದೇ. ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಒಂದೊಂದು ಬಿಟ್‌ಗೂ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ಈ ಕೆಪಾಸಿಟರ್ ತೂತು ಬಿದ್ದ ಕೊಡದಂತೆ, ತುಂಬಿದ್ದು ಸೋರುತ್ತಲೇ ಇರುತ್ತದೆ. ಆದ್ದರಿಂದ ಸೆಕೆಂಡಿಗೆ ನೂರಾರು ಬಾರಿ ಎಲ್ಲ ಕೊಡಗಳನ್ನೂ ಮತ್ತೆ ತುಂಬಿಸುತ್ತಿರಬೇಕು. 1970ರಲ್ಲಿ ಬಂದ ಇಂಟೆಲ್ 1103 ಚಿಪ್ 1,024 ಬಿಟ್ ಹಿಡಿಯುತ್ತಿತ್ತು. 1976ರಲ್ಲಿ ಟೆಕ್ಸಾಸ್ ರಾಜ್ಯದ ಮಾಸ್ಟೆಕ್ ಕಂಪನಿ 16ಕೆ ಹಿಡಿಯುವ ‘ಎಂಕೆ 4116’ ತಂದಿತು. ಎಲ್ಲರೂ ಅದನ್ನೇ ಅನುಸರಿಸಿದರು.

ಹೀಗೆ ಅನುಸರಿಸುವುದಕ್ಕೆ ಕಾರಣವಿತ್ತು. ಒಂದೇ ಕಡೆ ಸಿಗುವ ಚಿಪ್‌ಅನ್ನು ನಂಬಿ ಯಾವ ಕಂಪ್ಯೂಟರ್ ಕಂಪನಿಯೂ ಯಂತ್ರ ಮಾಡಲು ಒಪ್ಪುತ್ತಿರಲಿಲ್ಲ. ಎರಡನೆಯವನೂ ಅದನ್ನೇ ಮಾಡಿಕೊಡಬೇಕು. ಹಾಗಾಗಿ ಮಾಸ್ಟೆಕ್‌ನ 4116 ಹಿಟಾಚಿಯಲ್ಲಿ 4716, ಫುಜಿತ್ಸುವಿನಲ್ಲಿ 8116, ಎನ್ಇಸಿಯಲ್ಲಿ 416, ಇಂಟೆಲ್‌ನಲ್ಲಿ 2117 ಆಯಿತು. ಇವೆಲ್ಲಕ್ಕೂ 16 ಕಾಲು, ಎಲ್ಲಕ್ಕೂ ಮೂರು ವೋಲ್ಟೇಜ್.

ಅದೇ ಹಿಟಾಚಿ 4816 ಎಂಬುದನ್ನೂ ಮಾಡಿತು. 4716ಕ್ಕೂ ಇದಕ್ಕೂ ಒಂದೇ ಅಂಕಿಯ ವ್ಯತ್ಯಾಸ. ಇದೂ 16ಕೆ, ಇದಕ್ಕೂ 16 ಕಾಲು, ಆದರೆ ಬೇಕಾದ್ದು ಐದು ವೋಲ್ಟ್ ಮಾತ್ರ. 4716ರಲ್ಲಿ 12 ವೋಲ್ಟ್ ಬರುವುದು ಎಂಟನೇ ಕಾಲಿಗೆ. ಐದು ವೋಲ್ಟಿನ 4816 ಅಥವಾ 4164 ಅದೇ ಎಂಟನೇ ಕಾಲಿನಲ್ಲಿ ಐದು ವೋಲ್ಟ್ ನಿರೀಕ್ಷಿಸುತ್ತದೆ. ಬೇಸ್ ಅದಲು ಬದಲಾದರೆ ಚಿಪ್ ಕ್ಷಣದಲ್ಲಿ ಹಾಳು.

ಈ 4816ಕ್ಕೂ ನಮ್ಮ ಶಾಲೆಗಳಿಗೂ ಒಂದು ನಂಟಿದೆ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸಿದಾಗ ಆಯ್ದುಕೊಂಡದ್ದು ಬ್ರಿಟನ್ನಿನ ಏಕಾರ್ನ್ ಕಂಪನಿ 1981ರಲ್ಲಿ ತಂದ ಬಿಬಿಸಿ ಮೈಕ್ರೋ ಯಂತ್ರವನ್ನು. ಅದರ ‘ಬಿ’ ಮಾದರಿಯಲ್ಲಿ ಇಂಥ ಹದಿನಾರು ಚಿಪ್‌ಗಳು ಸೇರಿ 32 ಕಿಲೋಬೈಟ್ ನೆನಪು. ಪ್ರೊಸೆಸರ್ ಮತ್ತು ಪರದೆ ಎರಡೂ ಸರದಿಯ ಮೇಲೆ ಅದೇ ಮೆಮೊರಿಯನ್ನು ಓದಬೇಕಾದ್ದರಿಂದ ಚಿಪ್ ಬಹಳ ಚುರುಕಾಗಿರಬೇಕಿತ್ತು. ಆರಂಭದಲ್ಲಿ ಅಷ್ಟು ವೇಗದ್ದನ್ನು ಕೊಡಬಲ್ಲದ್ದು ಹಿಟಾಚಿ ಮಾತ್ರವಾಗಿತ್ತು ಎಂದು ಅದರ ವಿನ್ಯಾಸಕಾರರೇ ನೆನೆದಿದ್ದಾರೆ. ಹಳೆಯ ಬಿಬಿಸಿ ಬೋರ್ಡಿನ ಮೇಲೆ ಆ ಮುಳ್ಳಿನ ವೃತ್ತ ಸಾಲಾಗಿ ಕಂಡರೆ ಅದು ಆಕಸ್ಮಿಕವಲ್ಲ.

ಇನ್ನೊಂದು ಸ್ವಾರಸ್ಯ. ಗಾಂಧಿ ಬಜಾರಿನಲ್ಲಿ ಕುಂಬಳಕಾಯಿಯ ಒಂದು ಬದಿ ಕೆಟ್ಟಿದ್ದರೆ ಅದನ್ನು ಕತ್ತರಿಸಿ ಒಳ್ಳೆಯ ಹೋಳನ್ನು ಮಾರುವುದುಂಟಲ್ಲ, ಚಿಪ್ ವ್ಯಾಪಾರದಲ್ಲೂ ಇದು ನಡೆದಿದೆ! 64ಕೆ ಚಿಪ್‌ನ ಅರ್ಧಭಾಗ ಕೆಟ್ಟಿದ್ದರೆ ಒಳ್ಳೆಯ ಅರ್ಧವನ್ನು 32ಕೆ ಎಂದು ಅಗ್ಗಕ್ಕೆ ಮಾರಿದರು. ಟೆಕ್ಸಾಸ್‌ನವರ 4532, ಓಕಿಯ 3732 ಇಂಥವು. 1982ರ ಸಿಂಕ್ಲೇರ್ ಸ್ಪೆಕ್ಟ್ರಂನ 48ಕೆ ಯಂತ್ರದಲ್ಲಿ ಇವೇ ಇದ್ದವು. ಮೇಲಿನ ಅರ್ಧ ಒಳ್ಳೆಯದೋ ಕೆಳಗಿನದೋ ಎಂಬುದು ನಂಬರಿನ ಬಾಲದಲ್ಲಿ ಬರೆದಿರುತ್ತದೆ. ಎಂಟೂ ಒಂದೇ ಬಗೆಯವು ಇರಬೇಕು. ಬೆರೆಸಿದರೆ ಲೆಕ್ಕ ಕೆಡುತ್ತದೆ.

ಹುಟ್ಟಿದ ವಾರ

ನಾಲ್ಕಂಕಿಯ ದಿನಾಂಕದಲ್ಲಿ ಮೊದಲೆರಡು ಇಸವಿ, ಕೊನೆಯೆರಡು ವಾರ. ಆದರೆ ನಾಲ್ಕಂಕಿಯೆಲ್ಲ ದಿನಾಂಕವಲ್ಲ. 7432 ಎಂದಿದ್ದರೆ ಅದು 1974ರ 32ನೇ ವಾರವೂ ಆಗಬಹುದು, 7432 ಎಂಬ ಹೆಸರಾಂತ ಲಾಜಿಕ್ ಚಿಪ್‌ನ ನಂಬರೂ ಆಗಬಹುದು. ಮೇಷ್ಟ್ರ ಕಿಟ್‌ನ 8085 ಮಾತ್ರ ಎಂದೂ ದಿನಾಂಕವಾಗಲಾರದು. ವರ್ಷಕ್ಕೆ 85 ವಾರಗಳಿಲ್ಲವಲ್ಲ! ಗೊಂದಲವಾದಾಗ ಎರಡೂ ಸಾಲು ನೋಡಬೇಕು. ಒಂದು ನಂಬರು, ಇನ್ನೊಂದು ದಿನಾಂಕ. ಕೆಲವು ಕಂಪನಿಗಳು ಇಸವಿಯ ಕೊನೆಯ ಅಂಕಿ ಮಾತ್ರ ಬರೆದವು. ಆಗ ಯಾವ ದಶಕವೆಂಬುದನ್ನು ಚಿಪ್‌ನ ಸಾಮರ್ಥ್ಯ ನೋಡಿ ನಿರ್ಧರಿಸಬೇಕು.

ಈ ದಿನಾಂಕವೇ ಕಳ್ಳನನ್ನು ಹಿಡಿಯುವ ಪೊಲೀಸ್ ಕೂಡ. ಕಂಪನಿ ಮುಚ್ಚಿ ಎಷ್ಟೋ ವರ್ಷಗಳ ನಂತರದ ವಾರವನ್ನು ಹೊತ್ತ ಚಿಪ್ ಸಿಕ್ಕರೆ ಏನೋ ಮಸಲತ್ತಿದೆ ಎಂದೇ ಅರ್ಥ.

ಡಬ್ಬಿಯಲ್ಲೊಂದು ಚರಿತ್ರೆ

ಗುಜರಿಯ ಡಬ್ಬಿಯೊಂದನ್ನು ವಾರದ ಕ್ರಮದಲ್ಲಿ ಜೋಡಿಸಿದರೆ ಒಂದು ಉದ್ಯಮದ ಏಳುಬೀಳು ಕಣ್ಣಿಗೆ ಕಟ್ಟುತ್ತದೆ. 1970ರ ದಶಕದವು ಬಹುತೇಕ ಅಮೆರಿಕದ ಹೆಸರುಗಳು. 1980ರ ನಂತರ ಜಪಾನಿನ ಲಾಂಛನಗಳು ದಟ್ಟವಾಗುತ್ತವೆ. ಮಾಸ್ಟೆಕ್ 1985ರಲ್ಲಿ ಬಾಗಿಲು ಹಾಕಿ ಫ್ರಾನ್ಸಿನ ಥಾಮ್ಸನ್ ಕೈಗೆ ಹೋಯಿತು. ಡಿರ್ಯಾಂ ಮಾರುಕಟ್ಟೆ ಕಟ್ಟಿದ ಇಂಟೆಲ್ಲೇ ಅದೇ 1985ರಲ್ಲಿ ಆ ವ್ಯಾಪಾರ ಬಿಟ್ಟು ಪ್ರೊಸೆಸರ್ ಕಡೆ ತಿರುಗಿತು. 1986ರಲ್ಲಿ ಅಮೆರಿಕ ಮತ್ತು ಜಪಾನ್ ಸರ್ಕಾರಗಳೇ ಕೂತು ಚಿಪ್ ವ್ಯಾಪಾರದ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಅಷ್ಟರಲ್ಲಿ ಕೊರಿಯಾ ಬಂದಿತ್ತು. ಅಮೆರಿಕದ ಮೈಕ್ರಾನ್‌ನಿಂದ ವಿನ್ಯಾಸದ ಪರವಾನಗಿ ಪಡೆದ ಸ್ಯಾಮ್‌ಸಂಗ್ 1983ರಲ್ಲಿ ತನ್ನ 64ಕೆ ಡಿರ್ಯಾಂ ಸಿದ್ಧಪಡಿಸಿತು. ಗೋಲ್ಡ್‌ಸ್ಟಾರ್ ಕಂಪನಿ ಎಲ್‌ಜಿ ಆಗಿ, ಅದರ ಚಿಪ್ ವಿಭಾಗ 1999ರಲ್ಲಿ ಹ್ಯುಂಡೈ ಜತೆ ಕೂಡಿ, ಹೈನಿಕ್ಸ್ ಆಗಿ, 2012ರಲ್ಲಿ ಎಸ್‌ಕೆ ಹೈನಿಕ್ಸ್ ಆಯಿತು. ಎನ್ಇಸಿ ಮತ್ತು ಹಿಟಾಚಿಯ ಡಿರ್ಯಾಂ ವಿಭಾಗಗಳು ಒಂದಾಗಿ ಹುಟ್ಟಿದ ಎಲ್ಪಿಡಾ 2012ರಲ್ಲಿ ದಿವಾಳಿಯಾಗಿ ಮರುವರ್ಷ ಮೈಕ್ರಾನ್ ಪಾಲಾಯಿತು. ಇಂದು ಜಗತ್ತಿನ ಡಿರ್ಯಾಂನ ಸಿಂಹಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಮನೆಗಳದು. ಹತ್ತಾರು ಲಾಂಛನಗಳ ಆ ಸಂತೆಯನ್ನು ಈಗ ನೋಡಬೇಕೆಂದರೆ ಹಳೆಯ ಬೋರ್ಡುಗಳೇ ಗತಿ.

ನಮ್ಮ ಊರಿನ ಮುದ್ರೆ

ಈ ಸಂತೆಯಲ್ಲಿ ಬೆಂಗಳೂರಿನ ಹೆಸರಿಲ್ಲವೇ? ಇದೆ. ಮೆಮೊರಿ ಚಿಪ್‌ಗಳ ಸಾಲಿನಲ್ಲಲ್ಲ, ಅದರ ಹಿಂದಿನ ಸಾಲಿನಲ್ಲಿ. 1954ರಲ್ಲಿ ಸ್ಥಾಪನೆಯಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವ್‌ಗಳನ್ನೂ, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳಂಥ ಅರೆವಾಹಕಗಳನ್ನೂ, 1967ರಲ್ಲಿ ಸಿಲಿಕಾನ್ ಬಿಡಿಭಾಗಗಳು ಹಾಗೂ ಐಸಿಗಳನ್ನೂ ತಯಾರಿಸಲು ತೊಡಗಿತು. ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿದವರಿಗೆ ‘ಬಿಇಎಲ್’ ಎಂಬ ಮೂರಕ್ಷರ ಅಪರಿಚಿತವಲ್ಲ.

ಪಂಜಾಬಿನ ಮೊಹಾಲಿಯಲ್ಲಿ 1976ರಲ್ಲಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಶಾಲೆಗಳಿಗೆಂದು ಬಂದ ಬಿಬಿಸಿ ಯಂತ್ರವನ್ನು ಪರವಾನಗಿ ಪಡೆದು ‘ಯೂನಿಕಾರ್ನ್’ ಹೆಸರಿನಲ್ಲಿ ಜೋಡಿಸಿದ್ದೂ ಇದೇ ಸಂಸ್ಥೆ. 1989ರ ಫೆಬ್ರುವರಿ 7ರಂದು ಅಲ್ಲಿ ಬೆಂಕಿ ಬಿದ್ದು ಚಿಪ್ ಕಾರ್ಖಾನೆ ಸುಟ್ಟುಹೋಯಿತು. ಮತ್ತೆ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಟೆಕ್ಸಾಸ್ ನಕ್ಷೆಯ ಕಂಪನಿ 1985ರಲ್ಲಿ ಬೆಂಗಳೂರಿನಲ್ಲೇ ವಿನ್ಯಾಸ ಕೇಂದ್ರ ತೆರೆಯಿತು. ಚಿಪ್‌ನ ರೂಪರೇಷೆ ಇಲ್ಲಿ, ಮುದ್ರೆ ಮಾತ್ರ ಟೆಕ್ಸಾಸಿನದು ಎಂಬ ಕಾಲ ಆಗಲೇ ಶುರುವಾಯಿತು. ವಿನ್ಯಾಸಕಾರನ ಊರು ಚಿಪ್‌ನ ಬೆನ್ನ ಮೇಲೆ ಬರುವುದಿಲ್ಲ.

ಆದ್ದರಿಂದಲೇ ನಮ್ಮ ದೇಶದ ಮುದ್ರೆಯುಳ್ಳ ಹಳೆಯ ಟ್ರಾನ್ಸಿಸ್ಟರ್, ಐಸಿ ಕಂಡರೆ ಎತ್ತಿಡಬೇಕು. ಇಂಟೆಲ್ 1103 ಅನ್ನು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಚರಿತ್ರೆಯ ವಸ್ತುಸಂಗ್ರಹಾಲಯ ಕಾಪಾಡುತ್ತದೆ. ಬಿಇಎಲ್‌ನ ಟ್ರಾನ್ಸಿಸ್ಟರನ್ನು ಕಾಪಾಡಬೇಕಾದವರು ನಾವೇ.

ಬಣ್ಣ ಬಳಿದ ಬೆನ್ನು

ಮುದ್ರೆ ಇದೆಯೆಂದ ಮಾತ್ರಕ್ಕೆ ನಂಬುವಂತೆಯೂ ಇಲ್ಲ. ಹಳೆಯ ಚಿಪ್‌ಗೆ ಬೆಲೆ ಬಂದಂತೆ ನಕಲಿಯೂ ಬಂತು. ಹಳೆಯ ಬೋರ್ಡಿನಿಂದ ಕಿತ್ತ ಐಸಿಯ ಬೆನ್ನು ಉಜ್ಜಿ, ಕರಿಬಣ್ಣ ಬಳಿದು, ಬೇರೆ ನಂಬರು, ಬೇರೆ ಲಾಂಛನ ಒತ್ತುವ ದಂಧೆ ಜಗತ್ತಿನಾದ್ಯಂತ ನಡೆಯುತ್ತದೆ. ನಿಧಾನದ ಚಿಪ್ ವೇಗದ್ದಾಗುತ್ತದೆ, ಅಗ್ಗದ್ದು ಅಪರೂಪದ್ದಾಗುತ್ತದೆ.

ಇದನ್ನು ಹಿಡಿಯಲು ಮೊದಲು ಬೆನ್ನು ಮತ್ತು ಹೊಟ್ಟೆ ಎರಡನ್ನೂ ನೋಡಬೇಕು. ಎರಡರ ತರಿ, ಬಣ್ಣ ಒಂದೇ ಇರಬೇಕು. ಒಂದನೇ ಕಾಲನ್ನು ತೋರಿಸುವ ಪುಟ್ಟ ಗುಳಿ ಬಣ್ಣದಿಂದ ತುಂಬಿಕೊಂಡಿದ್ದರೆ ಅನುಮಾನಿಸಬೇಕು. ಹತ್ತಿಗೆ ಅಸಿಟೋನ್ ಅದ್ದಿ ಒಂದು ಮೂಲೆಯಲ್ಲಿ ಒರೆಸಿದಾಗ ಹತ್ತಿಗೆ ಕರಿ ಅಂಟಿದರೆ ಅದು ಬಳಿದ ಬಣ್ಣ. ಆದರೆ ಎಚ್ಚರ, ಅಸಲಿ ಚಿಪ್‌ನ ಬಿಳಿ ಅಕ್ಷರವೂ ಅಸಿಟೋನ್‌ಗೆ ಅಳಿಸಬಹುದು. ಮುದ್ರೆಯ ಮೇಲೆ ಮಾತ್ರ ಕೈಯಾಡಿಸಬಾರದು. ಕಾಲುಗಳ ಮೇಲೆ ಹಳೆಯ ಬೆಸುಗೆಯ ಕಲೆಯಿದ್ದು ದಿನಾಂಕ ಮಾತ್ರ ಹೊಸದಾಗಿದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ.

ಮಾಸಿದ ಅಸಲಿ ಮುದ್ರೆಯನ್ನು ಓದಲು ಬೇರೆ ಉಪಾಯಗಳಿವೆ. ದೀಪದ ಕೆಳಗೆ ಚಿಪ್‌ಅನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಒಂದು ಕೋನದಲ್ಲಿ ಅಕ್ಷರ ಹೊಳೆಯುತ್ತದೆ. ಕನ್ನಡಕ ಒರೆಸುವಾಗ ಊದುವಂತೆ ಒಮ್ಮೆ ಊದಿದರೆ ಆವಿಯ ಪೊರೆಯಲ್ಲಿ ಅಳಿದ ಅಕ್ಷರ ಕ್ಷಣಕಾಲ ಮೂಡುವುದುಂಟು. ಕೊರೆದ ಅಕ್ಷರವಾದರೆ ಸೀಮೆಸುಣ್ಣದ ಪುಡಿ ಸವರಿ ಮೆಲ್ಲಗೆ ಒರೆಸಿದರೆ ಗೆರೆಗಳಲ್ಲಿ ಬಿಳಿ ಉಳಿಯುತ್ತದೆ. ಮುಟ್ಟುವ ಮುನ್ನ ನೆಲಕ್ಕೆ ಅರ್ತ್ ಆದ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ ಇಳಿಸಿಕೊಳ್ಳಬೇಕು. ಎತ್ತಿಡುವಾಗ ಥರ್ಮೋಕೋಲ್ ಬೇಡ, ವಿದ್ಯುತ್ ಹಾಯುವ ಕರಿ ಸ್ಪಂಜು ಒಳ್ಳೆಯದು.

ಕರಗುವ ಮುನ್ನ

ಇಪ್ರಾಂಗಳ ವಿಷಯದಲ್ಲಿ ಇನ್ನೊಂದು ಮಾತಿದೆ. ಕಿಟಕಿಯ ಮೇಲೆ ಅಂಟಿಸಿದ ಚೀಟಿ ಕೆಳಗಿನ ಲಾಂಛನವನ್ನು ಮುಚ್ಚಿರುತ್ತದೆ. ಗುರುತು ನೋಡುವ ಅವಸರದಲ್ಲಿ ಅದನ್ನು ಕಿತ್ತು ಹಾಗೆಯೇ ಬಿಡಬಾರದು. 2716 ಅನ್ನು ನೇರ ಬಿಸಿಲಿನಲ್ಲಿ ಒಂದು ವಾರ ಇಟ್ಟರೆ ನೆನಪು ಅಳಿಯಬಹುದು, ಟ್ಯೂಬ್‌ಲೈಟ್ ಬೆಳಕಿನಲ್ಲಿ ಸುಮಾರು ಮೂರು ವರ್ಷದಲ್ಲಿ ಅಳಿಯಬಹುದು ಎಂದು ಕಂಪನಿಯ ಕೈಪಿಡಿಯೇ ಹೇಳುತ್ತಿತ್ತು. ಚೀಟಿಯ ಮೇಲಿನ ಕೈಬರಹವನ್ನು ಬರೆದುಕೊಂಡು, ಗುರುತು ನೋಡಿ, ಕೂಡಲೇ ಮತ್ತೆ ಮುಚ್ಚಬೇಕು. ಒಳಗಿರುವುದು ಯಾವುದೋ ಲೆಕ್ಕದ ಯಂತ್ರದ ಪ್ರೋಗ್ರಾಂ ಆಗಿರಬಹುದು, ಪ್ರಿಂಟರೊಂದರ ಕನ್ನಡ ಅಕ್ಷರಗಳೇ ಆಗಿರಬಹುದು. ಬೇರೆಲ್ಲೂ ಅದರ ಪ್ರತಿ ಉಳಿದಿರದೇ ಇರಬಹುದು.

ಹಳೆಯ ಪಿಂಗಾಣಿ ಚಿಪ್‌ಗಳ ಶತ್ರು ಅವುಗಳ ಮೈಮೇಲಿನ ಚಿನ್ನದ ಲೇಪ. ಅದನ್ನು ಆಮ್ಲದಲ್ಲಿ ಕರಗಿಸಿ ತೆಗೆಯುವವರಿದ್ದಾರೆ. ಹೊರಡುವ ಹೊಗೆ ಮಾಡುವವನ ಶ್ವಾಸಕೋಶಕ್ಕೆ ಮಾರಕ, ಚೆಲ್ಲಿದ ನೀರು ಊರಿಗೆ ಮಾರಕ. ಇ-ತ್ಯಾಜ್ಯವನ್ನು ಅಧಿಕೃತ ಮರುಬಳಕೆದಾರರಿಗೇ ಒಪ್ಪಿಸಬೇಕೆಂಬ ನಿಯಮಗಳು 2012ರಿಂದ ಜಾರಿಯಲ್ಲಿವೆ. 2023ರ ಏಪ್ರಿಲ್‌ನಿಂದ ಹೊಸ ನಿಯಮಗಳು ಬಂದಿವೆ. ಹಾಗೆ ಒಪ್ಪಿಸುವ ಮುನ್ನ ಬೋರ್ಡನ್ನು ಬೆಳಕಿಗೆ ಹಿಡಿದು ಹತ್ತು ನಿಮಿಷ ನೋಡಿ, ಮುದ್ರೆಗಳನ್ನು ಬರೆದುಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ. ಕರಗಿದ ಮೇಲೆ ಇಂಟೆಲ್ ಯಾವುದು, ಬಿಇಎಲ್ ಯಾವುದು?

ಇತ್ತ ಎಸ್.ಪಿ. ರೋಡಿನಲ್ಲಿ ಮೇಷ್ಟ್ರು ಜೇಬಿನಿಂದ ಭೂತಗನ್ನಡಿ ತೆಗೆದಿದ್ದಾರೆ. ನಕ್ಷೆಯ ಚಿಪ್ ಪಕ್ಕಕ್ಕೆ ಸರಿದಿದೆ. ಇನ್ನೊಂದರ ಮೇಲೆ ಇ ಅಕ್ಷರ ಸಾಲಿನಿಂದ ಸ್ವಲ್ಪ ಕೆಳಗೆ ಜಾರಿದೆ, ಬೆನ್ನು ಹೊಟ್ಟೆ ಎರಡರ ಬಣ್ಣವೂ ಒಂದೇ, ಗುಳಿ ಸ್ವಚ್ಛವಾಗಿದೆ, ವಾರ ಹೊಂದುತ್ತದೆ.

‘ಇದೇ ಇರಲಿ. ಕಿಟಕಿಗೊಂದು ಚೀಟಿ ಅಂಟಿಸಿಕೊಡಪ್ಪ.’

‘ಖಾಲಿ ಐಸಿ ತಾನೇ ಸಾರ್, ಚೀಟಿ ಯಾಕೆ?’

‘ಇವತ್ತು ಖಾಲಿ. ನಾಳೆ ತುಂಬಿಸುತ್ತೀನಲ್ಲ.’